ಮೂವತ್ತು ಕಿಲೋಮೀಟರ್ ಹತ್ತಿರ ಬಂದರೆ ಕಾಲು ಕೈಕೊಡುತ್ತೆ, ಏನು ತಿನ್ನಬೇಕು?

ಪ್ರಶ್ನೆ (ಕೋಥ್ರೂಡ್, ಪುಣೆ): ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ತೂಕ 65 ಕೆ.ಜಿ. 28 ಕಿ.ಮೀ. ತನಕ ಆರಾಮ, ಆಮೇಲೆ ಕಾಲು ಎತ್ತಿಡೋಕೇ ಆಗಲ್ಲ, ತಲೆಗೆ ಮಂಕು ಕವಿಯುತ್ತೆ. ಬೆಳಿಗ್ಗೆ ಬರೀ ಚಹಾ, ದಾರೀಲಿ ನೀರು ಮಾತ್ರ. ಹೊಟ್ಟೆ ಮೇಲೆ ಇಷ್ಟು ಕೊಬ್ಬಿದೆಯಲ್ಲ, ಅದ್ಯಾಕೆ ಕೆಲಸಕ್ಕೆ ಬರಲ್ಲ?

ಶರೀರಕ್ರಿಯಾಶಾಸ್ತ್ರದ ಮೇಷ್ಟ್ರು, ಡೊಂಬಿವಲಿ: ಬರುತ್ತೆ ಸಾರ್, ಆದರೆ ನಿಧಾನ. ಅಷ್ಟೇ ಶಕ್ತಿಗೆ ಕೊಬ್ಬು ಸಕ್ಕರೆಗಿಂತ ಹೆಚ್ಚು ಆಮ್ಲಜನಕ ಕೇಳುತ್ತೆ. ಹಾಗಾಗಿ ವೇಗ ಏರಿದಷ್ಟೂ ಸ್ನಾಯು ಗ್ಲೈಕೋಜನ್‌ಗೆ, ಅಂದರೆ ಮೈಯಲ್ಲಿ ಕೂಡಿಟ್ಟ ಸಕ್ಕರೆಗೆ, ಕೈ ಹಾಕುತ್ತೆ. ಒಂದು ಕಿ.ಮೀ. ಓಟಕ್ಕೆ ಕೆ.ಜಿ. ತೂಕಕ್ಕೆ ಸುಮಾರು 1 ಕಿಲೊಕ್ಯಾಲೊರಿ. ನಿಮಗೆ 42 ಕಿ.ಮೀ.ಗೆ 2,700ರಷ್ಟು. ದಾಸ್ತಾನು ಇರೋದು ಸ್ನಾಯುಗಳಲ್ಲಿ 400 ಗ್ರಾಂ, ಲಿವರ್‌ನಲ್ಲಿ 100 ಗ್ರಾಂ ಆಸುಪಾಸು, ಅಂದರೆ 2,000 ಕಿಲೊಕ್ಯಾಲೊರಿ.

ನೀವು ಹೇಳ್ತಿರೋದು ಎರಡು ಬೇರೆ ತೊಂದರೆ. ಕಾಲು ಭಾರ ಆಗೋದು ಸ್ನಾಯುವಿನ ಗ್ಲೈಕೋಜನ್ ಬರಿದಾಗಿ. ತಲೆ ಮಂಕಾಗೋದು ಲಿವರ್ ಬರಿದಾಗಿ. ಸ್ನಾಯು ತನ್ನ ಗ್ಲೂಕೋಸನ್ನು ರಕ್ತಕ್ಕೆ ಬಿಟ್ಟುಕೊಡಲ್ಲ, ಅದಕ್ಕೆ ಬೇಕಾದ ಕಿಣ್ವವೇ ಅಲ್ಲಿಲ್ಲ. ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು, ರಾತ್ರಿಯಿಡೀ ಅದನ್ನು ಪೂರೈಸೋದು ಲಿವರ್. ಬರೀ ಚಹಾ ಕುಡಿದು ಹೊರಟರೆ ಅರ್ಧ ಖಾಲಿ ಲಿವರ್ ಹೊತ್ತುಕೊಂಡು ಓಡ್ತಿದ್ದೀರಿ.

ಆಹಾರ ತಜ್ಞೆ, ಮಾಟುಂಗಾ: ಸ್ನಾಯು ತುಂಬೋ ಕೆಲಸ ಓಟಕ್ಕೆ ಎರಡು ದಿನ ಮುಂಚೆ ಶುರು. ತೂಕದ ಕೆ.ಜಿ.ಗೆ 8 ಗ್ರಾಂ ಕಾರ್ಬ್ (ಪಿಷ್ಟ, ಸಕ್ಕರೆ), ನಿಮಗೆ ದಿನಕ್ಕೆ 520 ಗ್ರಾಂ. ಅನ್ನವೊಂದರಿಂದಲೇ ಇದನ್ನು ಮುಟ್ಟಬೇಕು ಅಂದರೆ 650 ಗ್ರಾಂಗೂ ಹೆಚ್ಚು ಅಕ್ಕಿ ಬೇಯಿಸಬೇಕು, ಯಾರ ಕೈಲೂ ಆಗಲ್ಲ! ಅವಲಕ್ಕಿ, ಇಡ್ಲಿ, ಬಟಾಟೆ, ಬಾಳೆಹಣ್ಣು, ಬೆಲ್ಲ, ಹಣ್ಣಿನ ರಸ ಅಂತ ಹಂಚಿಕೊಳ್ಳಿ. ಭಾಕ್ರಿ (ಜೋಳ-ಸಜ್ಜೆ ರೊಟ್ಟಿ), ಉಸಳ್ (ಮೊಳಕೆ ಕಾಳಿನ ಪಲ್ಯ), ತುಪ್ಪ ಆ ಎರಡು ದಿನ ಕಡಿಮೆ ಇರಲಿ, ನಾರು ಮತ್ತು ಜಿಡ್ಡು ಜಾಗ ಹಿಡಿದು ಕಾರ್ಬ್ ಒಳಗೆ ಹೋಗೋಕೆ ಬಿಡಲ್ಲ. ತೂಕ ಒಂದೆರಡು ಕಿಲೋ ಏರಿದರೆ ಗಾಬರಿ ಬೇಡ. ಗ್ಲೈಕೋಜನ್ ಗ್ರಾಮಿಗೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತೆ.

ಲಿವರ್‌ಗೆ: ಓಟಕ್ಕೆ ಎರಡು-ಮೂರು ಗಂಟೆ ಮೊದಲು ಬ್ರೆಡ್ 4 ಸ್ಲೈಸ್, ಜಾಮ್ 2 ದೊಡ್ಡ ಚಮಚ, ಒಂದು ಬಾಳೆಹಣ್ಣು. ಒಟ್ಟು 100 ಗ್ರಾಂ ಹತ್ತಿರ ಕಾರ್ಬ್. ಸಾಬುದಾಣೆ ಖಿಚಡಿ ಬೇಡ, ಶೇಂಗಾ-ತುಪ್ಪ ಹೊಟ್ಟೆಯಲ್ಲೇ ಕೂರುತ್ತೆ.

ದಾರಿಯಲ್ಲಿ: ಲೀಟರ್ ನೀರಿಗೆ ಸಕ್ಕರೆ 60 ಗ್ರಾಂ (ಸಮ ಮಾಡಿದ ಸುಮಾರು 14 ಟೀ ಚಮಚ), ಉಪ್ಪು ಕಾಲು ಟೀ ಚಮಚ, ಅರ್ಧ ನಿಂಬೆ. ಮೊದಲ ಅರ್ಧ ಗಂಟೆಯಿಂದಲೇ ಗುಟುಕು ಗುಟುಕಾಗಿ, ಗಂಟೆಗೆ ಅರ್ಧ ಲೀಟರ್. ಜೊತೆಗೆ ಒಂದು ಬಾಳೆಹಣ್ಣು ಸೇರಿದರೆ ಗಂಟೆಗೆ 55 ಗ್ರಾಂ ಕಾರ್ಬ್ ಆಯ್ತು. ಸುಸ್ತಾದ ಮೇಲೆ ಶುರು ಮಾಡಿದರೆ ತಡವಾಯ್ತು. ಸಕ್ಕರೆ ಜಾಸ್ತಿ ಹಾಕಿ ಗಟ್ಟಿ ಮಾಡಿದರೆ ಜಠರದಿಂದ ಕೆಳಗಿಳಿಯಲ್ಲ, ಹೊಟ್ಟೆ ತೊಳಸುತ್ತೆ. ಇದೆಲ್ಲ ಭಾನುವಾರದ ಉದ್ದ ಓಟಗಳಲ್ಲೇ ಅಭ್ಯಾಸ ಆಗಬೇಕು, ಕರುಳೂ ಕಲಿಯಬೇಕು.

ಥಾಣೆಯಿಂದ ಒಬ್ಬರು: ಅಕ್ಕ, ಓಆರ್‌ಎಸ್ ಪ್ಯಾಕೆಟ್ ಸಾಕಲ್ವಾ?

ಆಹಾರ ತಜ್ಞೆ: ಸಾಲದು. ಲೀಟರ್‌ಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ, 54 ಕಿಲೊಕ್ಯಾಲೊರಿ. ಅದು ಭೇದಿಗೆ ಮಾಡಿದ್ದು, ಉಪ್ಪು-ನೀರು ಒಳಗೆಳೆಯೋಕೆ.

ಓಟದ ತರಬೇತುದಾರ, ವಾಶಿ: ತಿಂಡಿ ಎಷ್ಟೇ ಸರಿ ಇರಲಿ, ಶುರುವಿನಲ್ಲಿ ಹಾರಿದರೆ ಉಪಯೋಗವಿಲ್ಲ. ಮೊದಲ 10 ಕಿ.ಮೀ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋ ವೇಗ ಸಾಕು. ಕೊನೇ ಭಾಗದಲ್ಲಿ ಬರೋ ಪೆಡ್ಡರ್ ರೋಡ್ ಏರಿಗೆ ಶಕ್ತಿ ಉಳಿಸಿಕೊಳ್ಳಿ. ಮುಂಬೈ ಸೆಕೆಗೆ ಹೆದರಿ ಸಿಕ್ಕಲ್ಲೆಲ್ಲ ನೀರು ಸುರಿದುಕೊಳ್ಳಬೇಡಿ. ಉದ್ದ ಓಟದ ಮೊದಲು ಮತ್ತು ನಂತರ ತೂಕ ನೋಡಿ, ಏರಿದ್ದರೆ ಕುಡಿದದ್ದು ಹೆಚ್ಚಾಗಿದೆ. ರಕ್ತದ ಸೋಡಿಯಂ ತೆಳುವಾದರೆ ತಲೆನೋವು, ವಾಂತಿ, ಕೊನೆಗೆ ಪ್ರಜ್ಞೆಯೂ ತಪ್ಪಬಹುದು.

ಪ್ರಶ್ನೆ ಕೇಳಿದವರು: ಧನ್ಯವಾದ ಎಲ್ಲರಿಗೂ. ಹಾಗಾದರೆ ಖಾಲಿ ಹೊಟ್ಟೆ ಓಟ ಪೂರ್ತಿ ಬಿಡಬೇಕಾ?

ಮೇಷ್ಟ್ರು: ಬೇಡ. ಒಂದು ಗಂಟೆಯೊಳಗಿನ ನಿಧಾನದ ಓಟಕ್ಕೆ ಅಡ್ಡಿಯಿಲ್ಲ, ಆಗ ಕೊಬ್ಬಿನ ಪಾಲೂ ಹೆಚ್ಚು. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸೋ ಮಾತ್ರೆ ತಗೊಳ್ಳೋರು ಇಲ್ಲಿನ ಯಾವ ಲೆಕ್ಕವನ್ನೂ ಡಾಕ್ಟರನ್ನು ಕೇಳದೆ ಹಿಡಿಯಬೇಡಿ.