ಮಾರ್ಬಲ್, ಟೈಲ್ಸ್, ಲ್ಯಾಮಿನೇಟ್: ಮೂರಕ್ಕೂ ಒಂದೇ ಲಿಕ್ವಿಡ್ ಹಾಕಿ ಒರೆಸಬಹುದಾ?

ಪ್ರಶ್ನೆ (ಹೊಸಮನೆ):
ಹಾಲ್‌ನಲ್ಲಿ ಪಾಲಿಶ್ ಮಾಡಿದ ಬಿಳಿ ಮಾರ್ಬಲ್, ಅಡುಗೆಮನೆಯಲ್ಲಿ ವಿಟ್ರಿಫೈಡ್ ಟೈಲ್ಸ್, ಮಲಗುವ ಕೋಣೆಯಲ್ಲಿ 8 ಮಿ.ಮೀ. ಲ್ಯಾಮಿನೇಟ್ ಇದೆ. ಮೂರನ್ನೂ ಒಂದೇ ಬಕೆಟ್, ಒಂದೇ ಫ್ಲೋರ್ ಕ್ಲೀನರ್‌ನಲ್ಲಿ ಒರೆಸುತ್ತಿದ್ದೇವೆ. ಈಗ ಬಾತ್‌ರೂಮ್ ಬಾಗಿಲ ಹತ್ತಿರ ಮಾರ್ಬಲ್ ಮೇಲೆ ಮಂಕಾದ ಚುಕ್ಕೆಗಳು ಕಾಣುತ್ತಿವೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಟೈಲ್ಸ್ ಸಂದಿನ ಗ್ರೌಟ್ ಕಪ್ಪಾಗಿದೆ. ಲ್ಯಾಮಿನೇಟ್‌ನಲ್ಲಿ ಎರಡು ಕಡೆ ಹಲಗೆಯ ಅಂಚು ಉಬ್ಬಿದೆ. ಗ್ರೌಟ್‌ಗೆ ವಿನೆಗರ್ ಹಾಕಿ ಅಂತ ಕೆಲವರು ಹೇಳುತ್ತಾರೆ, ಹಾಕಬಹುದಾ? ಯಾವುದಕ್ಕೆ ಏನು ಮಾಡಬೇಕು?

ಉತ್ತರ 1 (ಕಲ್ಲುಪಾಲಿಶ್):
ಮೊದಲು ಮಾರ್ಬಲ್ ವಿಷಯ. ಅದು ಕಲೆ ಅಲ್ಲ, ಆಸಿಡ್ ತಿಂದ ಗುರುತು. ಹಾಗಾಗಿ ಉಜ್ಜಿದರೆ ಹೋಗುವುದಿಲ್ಲ. ಮಾರ್ಬಲ್ ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಟಾಯ್ಲೆಟ್ ಕ್ಲೀನರ್‌ನಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ಬಿಡಿ, ನಿಂಬೆರಸ, ವಿನೆಗರ್ ಬಿದ್ದರೂ ಮೇಲ್ಪದರ ಕರಗಿ ಹೊಳಪು ಹೋಗುತ್ತದೆ. ಬಾತ್‌ರೂಮ್ ತೊಳೆದ ನೀರು ಹೊಸ್ತಿಲು ದಾಟಿ ಬಂದರೆ ಸಾಕು, ಚುಕ್ಕೆ ಬೀಳುತ್ತದೆ.

ಪಕ್ಕಾ ಮಾಡಿಕೊಳ್ಳಲು ಬೆಳಕಿಗೆ ಎದುರಾಗಿ ಬಗ್ಗಿ ನೋಡಿ. ಓರೆಯಿಂದ ನೋಡಿದಾಗ ಹೊಳಪಿನ ನಡುವೆ ಬೆಳ್ಳಗೆ, ಮಂಕಾಗಿ ಕಂಡರೆ ಆಸಿಡ್ ಗುರುತು. ಕಲ್ಲೇ ಕಪ್ಪಾಗಿ ಅಥವಾ ಹಳದಿಯಾಗಿ ಕಂಡರೆ ಒಳಗೆ ಇಳಿದ ಕಲೆ.

ಗುರುತಿನ ಮೇಲೆ ಉಗುರು ಎಳೆಯಿರಿ. ಉಗುರಿಗೆ ತಗ್ಗು ತಾಗದಿದ್ದರೆ ಮಾರ್ಬಲ್ ಪಾಲಿಶಿಂಗ್ ಪೌಡರ್ ಸಾಕು. ಚೂರು ಪೌಡರ್, ಸ್ವಲ್ಪ ನೀರು, ಒದ್ದೆ ಮಾಡಿದ ಫೆಲ್ಟ್ ಪ್ಯಾಡ್‌ನಿಂದ ಒತ್ತಿ ಸುತ್ತು ಹಾಕುತ್ತಾ ಎರಡು ಮೂರು ನಿಮಿಷ ಉಜ್ಜಿ, ಪೇಸ್ಟ್ ಒಣಗಲು ಬಿಡದೆ ನೀರಿನಿಂದ ಒರೆಸಿ. ಹೊಳಪು ಪೂರ್ತಿ ಬರದಿದ್ದರೆ ಇನ್ನೊಮ್ಮೆ ಮಾಡಿ. ಉಗುರಿಗೆ ತಗ್ಗು ಸಿಕ್ಕರೆ ಪೌಡರ್‌ನಿಂದ ಆಗುವ ಕೆಲಸವಲ್ಲ. ಡೈಮಂಡ್ ಪ್ಯಾಡ್‌ನಲ್ಲಿ 400ರಿಂದ 3000 ಗ್ರಿಟ್‌ವರೆಗೆ (ಸಂಖ್ಯೆ ಹೆಚ್ಚಿದಷ್ಟೂ ಪ್ಯಾಡ್ ನಯ) ಹಂತಹಂತವಾಗಿ ತಿಕ್ಕಬೇಕು. ಅದನ್ನು ಪಾಲಿಶ್ ಕೆಲಸ ಬಲ್ಲವರಿಗೇ ಬಿಡಿ. ಮಧ್ಯದ ಒಂದು ಗ್ರಿಟ್ ಬಿಟ್ಟರೂ ಗೀರು ಹಾಗೇ ಉಳಿಯುತ್ತದೆ.

ಎಣ್ಣೆ ಅಥವಾ ಚಹಾ ಇಳಿದ ಕಲೆಗೆ ದಾರಿ ಬೇರೆ. ಬೇಕಿಂಗ್ ಸೋಡಾಕ್ಕೆ ನೀರು ಬೆರೆಸಿ ಮೊಸರಿನಷ್ಟು ಗಟ್ಟಿ ಪೇಸ್ಟ್ ಮಾಡಿ, ಕಲೆ ಮೇಲೆ ಅರ್ಧ ಸೆಂ.ಮೀ. ದಪ್ಪ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಾಕಿ. 24 ಗಂಟೆ ಆದ ಮೇಲೆ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಿ. ಒಣಗುವಾಗಲೇ ಅದು ಕಲೆಯನ್ನು ಮೇಲಕ್ಕೆ ಎಳೆಯುವುದು, ಅವಸರದಲ್ಲಿ ಹಸಿಯಾಗಿಯೇ ಒರೆಸಿದರೆ ಪ್ರಯೋಜನವಿಲ್ಲ. ಚಹಾ, ಕಾಫಿ ಕಲೆಗೆ ನೀರಿನ ಬದಲು ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಬಹುದು. ಆದರೆ ಕಪ್ಪು, ಹಸಿರು ಮಾರ್ಬಲ್‌ಗೆ ಬೇಡ, ಬಣ್ಣ ತೆಳುವಾದೀತು.

ದಿನನಿತ್ಯಕ್ಕೆ ಪಿಎಚ್ 7ರ ಆಸುಪಾಸಿನ, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಕ್ಲೀನರ್ ಮಾತ್ರ. ಅದಕ್ಕಿಂತ ಮುಖ್ಯ, ಒರೆಸುವ ಮೊದಲು ಗುಡಿಸುವುದು. ಮರಳಿನಲ್ಲಿರುವ ಕ್ವಾರ್ಟ್ಜ್ ಗಡಸುತನ ಮೋಸ್ ಮಾಪನದಲ್ಲಿ 7, ಮಾರ್ಬಲ್‌ನದು ಸುಮಾರು 3. ಗುಡಿಸದೆ ಮಾಪ್ ಎಳೆದರೆ ಮರಳುಕಾಗದ ಎಳೆದ ಹಾಗೆಯೇ.

ಉತ್ತರ 2 (ಹಲಗೆಕೆಲಸ):
ಲ್ಯಾಮಿನೇಟ್ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ: ಉಬ್ಬಿದ ಅಂಚು ಮತ್ತೆ ಕೂರುವುದಿಲ್ಲ. ಒಳಗಿರುವುದು ಮರದ ನಾರನ್ನು ಒತ್ತಿ ಮಾಡಿದ ಎಚ್‌ಡಿಎಫ್ ಹಲಗೆ. ಮೇಲ್ಮೈಯಿಂದ ನೀರು ಇಳಿಯದು, ಜೋಡಣೆಯ ಸಂದಿನಿಂದ ಇಳಿಯುತ್ತದೆ. ನಾರು ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಹಾಗೇ ಇರುತ್ತದೆ. ಉಜ್ಜಿ ಸಮ ಮಾಡಲು ಹೋಗಬೇಡಿ. ಮೇಲಿನ ಚಿತ್ರದ ಪದರ ಕಾಗದದಷ್ಟು ತೆಳು, ಕಿತ್ತು ಬರುತ್ತದೆ. ಕ್ಲಿಕ್ ಜೋಡಣೆಯಾಗಿದ್ದರೆ ಹತ್ತಿರದ ಗೋಡೆ ಕಡೆಯಿಂದ ಬಿಚ್ಚುತ್ತಾ ಬಂದು ಆ ಎರಡು ಹಲಗೆಗಳನ್ನು ಬದಲಿಸಬಹುದು.

ಇನ್ನು ಮುಂದೆ ಆ ಕೋಣೆಗೆ ಬಕೆಟ್ ಬೇಡ. ಬ್ರಷ್ ತಿರುಗದ ಮೋಡ್‌ನಲ್ಲಿ ವ್ಯಾಕ್ಯೂಮ್ ಮಾಡಿ, ಇಲ್ಲವೇ ಮೃದು ಪೊರಕೆಯಿಂದ ಗುಡಿಸಿ. ಕ್ಲೀನರನ್ನು ನೆಲಕ್ಕಲ್ಲ, ಮೈಕ್ರೋಫೈಬರ್ ಬಟ್ಟೆಗೆ ಸಿಂಪಡಿಸಿ ಒರೆಸಿ. ಒರೆಸಿದ ಜಾಗ ಒಂದು ನಿಮಿಷದೊಳಗೆ ತಾನಾಗಿ ಒಣಗಬೇಕು. ಒಣಗದಿದ್ದರೆ ಬಟ್ಟೆಯಲ್ಲಿ ನೀರು ಹೆಚ್ಚಾಗಿದೆ ಅಂತ ಅರ್ಥ. ಸ್ಟೀಮ್ ಮಾಪ್ ಬೇಡವೇ ಬೇಡ, ಬಿಸಿ ಹಬೆ ಒತ್ತಡದಲ್ಲಿ ನೇರ ಸಂದಿಗೆ ನುಗ್ಗುತ್ತದೆ. ವ್ಯಾಕ್ಸ್ ಕೂಡ ಬೇಡ, ಹೀರಿಕೊಳ್ಳುವ ಮೈಯೇ ಅದಕ್ಕಿಲ್ಲ, ಪೊರೆ ಕಟ್ಟಿ ಹೆಜ್ಜೆ ಗುರುತು ಬೀಳುತ್ತದೆ.

ವಿನೈಲ್ ನೆಲ ಇರುವವರೂ ಒಂದು ಗಮನಿಸಿ: ಹಿಂಭಾಗ ರಬ್ಬರ್ ಇರುವ ಮ್ಯಾಟ್ ಹಾಸಬೇಡಿ. ರಬ್ಬರ್‌ನಲ್ಲಿರುವ ರಾಸಾಯನಿಕ ವಿನೈಲ್ ಒಳಗೆ ಸೇರಿ ಹಳದಿ ಮಾಡುತ್ತದೆ, ಆ ಹಳದಿ ಯಾವ ಕ್ಲೀನರ್‌ಗೂ ಹೋಗುವುದಿಲ್ಲ.

ಉತ್ತರ 3 (ಟೈಲ್ಸ್‌ಜೋಡಣೆ):
ಗ್ರೌಟ್‌ಗೆ ವಿನೆಗರ್ ಬೇಡ. ಸಾಮಾನ್ಯ ಗ್ರೌಟ್ ಸಿಮೆಂಟಿನದು. ಆಸಿಡ್ ಹಾಕಿದ ದಿನ ಬೆಳ್ಳಗೆ ಕಾಣುತ್ತದೆ ನಿಜ, ಯಾಕಂದರೆ ಮೇಲಿನ ಪದರವೇ ಕರಗಿ ಹೋಗಿರುತ್ತದೆ. ಆಮೇಲೆ ಮೈ ತರಿತರಿಯಾಗಿ ಮೊದಲಿಗಿಂತ ಬೇಗ ಕೊಳೆ ಹಿಡಿಯುತ್ತದೆ.

ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್ಕಾರ್ಬೊನೇಟ್ ಪುಡಿ ತನ್ನಿ. 1 ಲೀಟರ್ ಬಿಸಿನೀರಿಗೆ 2 ಟೇಬಲ್ ಚಮಚ. ಕೈಗವಸು ಹಾಕಿಕೊಂಡು ಸಂದಿಗೆ ಸುರಿದು 15–20 ನಿಮಿಷ ಒಣಗದಂತೆ ಹಸಿಯಾಗಿಡಿ, ನಂತರ ನೈಲಾನ್ ಬ್ರಷ್‌ನಿಂದ ಉಜ್ಜಿ. ತಂತಿ ಬ್ರಷ್ ಬೇಡ, ಅದರ ಚೂರು ಉಳಿದು ತುಕ್ಕು ಹಿಡಿಯುತ್ತದೆ. ಕೊಳೆ ನೀರನ್ನು ಬಟ್ಟೆಗೆ ಹೀರಿಸಿ, ಎರಡು ಸಲ ಬರೀ ನೀರಿನಿಂದ ಒರೆಸಿ. ಕೊಳೆ ನೀರನ್ನು ನೆಲದ ಮೇಲೇ ಒಣಗಲು ಬಿಟ್ಟರೆ ಅದು ಮತ್ತೆ ಸಂದಿಗೇ ಇಳಿಯುತ್ತದೆ. ದ್ರಾವಣ ಬೇಕಾದಷ್ಟೇ ಮಾಡಿಕೊಳ್ಳಿ. ಉಳಿದದ್ದನ್ನು ಬಾಟಲಿಗೆ ಹಾಕಿ ಮುಚ್ಚಿಡಬೇಡಿ, ಆಮ್ಲಜನಕ ಬಿಡುಗಡೆಯಾಗಿ ಬಾಟಲಿ ಒಡೆಯಬಹುದು.

ಇನ್ನೊಂದು ಮಾತು, ಇದು ಪ್ರಾಣಕ್ಕೆ ಸಂಬಂಧಿಸಿದ್ದು. ಕ್ಲೋರಿನ್ ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಅಥವಾ ಬೇರೆ ಯಾವುದೇ ಆಸಿಡ್ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಒಂದು ಹಾಕಿ ತೊಳೆಯದೆ ಅದರ ಮೇಲೆ ಇನ್ನೊಂದು ಹಾಕಿದರೂ ಅಷ್ಟೇ ಅಪಾಯ.

ಹೊಸಮನೆ:
ಬಹಳ ಉಪಕಾರವಾಯಿತು. ಟೈಲ್ಸ್ ಮೇಲೆ ಬರಿಗಾಲಲ್ಲಿ ನಡೆದರೆ ಅಂಟಂಟು ಅನಿಸುತ್ತದೆ, ಅದಕ್ಕೇನು ಕಾರಣ? ಗ್ರೌಟ್ ಶುದ್ಧ ಮಾಡಿದ ಮೇಲೆ ನೀರು, ಕೊಳೆ ಒಳಗಿಳಿಯದಂತೆ ಸೀಲರ್ ಹಚ್ಚಲೇಬೇಕಾ?

ಟೈಲ್ಸ್‌ಜೋಡಣೆ:
ಅಂಟಿಗೆ ಕಾರಣ ಕ್ಲೀನರ್ ಹೆಚ್ಚಾಗಿರುವುದು. ಬಾಟಲಿ ಮೇಲೆ ಒಂದು ಮುಚ್ಚಳ ಅಂತ ಬರೆದಿದ್ದರೆ ಒಂದೇ ಮುಚ್ಚಳ, ಕಣ್ಣಳತೆ ಬೇಡ. ಒಣಗಿದ ಸೋಪಿನ ಪೊರೆಗೇ ಧೂಳು ಕೂರುವುದು. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಬರೀ ಬಿಸಿನೀರು, ಇನ್ನೊಂದು ಮಾಪ್ ಜಾಲಿಸಿ ಹಿಂಡುವುದಕ್ಕೆ. ನೊರೆ ಬರುವುದು ನಿಲ್ಲುವ ತನಕ ನೀರು ಬದಲಿಸುತ್ತಾ ಒರೆಸಿ.

ಸಿಮೆಂಟ್ ಗ್ರೌಟ್ ಆದರೆ ಅಡುಗೆಮನೆಯಲ್ಲಿ ಸೀಲರ್ ಹಚ್ಚುವುದೇ ಒಳ್ಳೆಯದು, ರಾಳದಿಂದ ಮಾಡಿದ, ನೀರು ಹೀರದ ಎಪಾಕ್ಸಿ ಗ್ರೌಟ್‌ಗೆ ಬೇಕಿಲ್ಲ. ಯಾವುದು ಅಂತ ಗೊತ್ತಿಲ್ಲದಿದ್ದರೆ ಒಣಗಿದ ಸಂದಿಗೆ ನಾಲ್ಕು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಬಣ್ಣ ಗಾಢವಾದರೆ ನೀರು ಹೀರುತ್ತಿದೆ, ಸೀಲರ್ ಬೇಕು. ಹನಿ ಹಾಗೇ ನಿಂತರೆ ಬೇಡ. ತೊಳೆದ ಮೇಲೆ ಕನಿಷ್ಠ 24 ಗಂಟೆ ಒಣಗಿಸಿ, ಸಣ್ಣ ಬ್ರಷ್‌ನಲ್ಲಿ ಸಂದಿಗೆ ಮಾತ್ರ ಹಚ್ಚಿ. ಟೈಲ್ಸ್ ಮೇಲೆ ಬಿದ್ದದ್ದನ್ನು ಐದು ನಿಮಿಷದೊಳಗೆ ಒರೆಸಿಬಿಡಿ, ಒಣಗಿದರೆ ಬಿಳಿ ಮಬ್ಬು ಉಳಿಯುತ್ತದೆ.