ಗೃಹಸಾಲ 9.5%ರಿಂದ 8%ಕ್ಕೆ: ಬ್ಯಾಂಕ್ ಬದಲಾಯಿಸುವುದೇ, ಇದ್ದಲ್ಲೇ ಬಡ್ಡಿ ಇಳಿಸಿಕೊಳ್ಳುವುದೇ?

ಪ್ರಶ್ನೆ: ತುಮಕೂರು_ಮನೆ

ತುಮಕೂರು ಪಾಲಿಕೆ ವ್ಯಾಪ್ತಿಯಲ್ಲಿ ಸ್ವಂತ ಮನೆ. ಸಾಲ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯದು, ಫ್ಲೋಟಿಂಗ್ (ಏರಿಳಿಯುವ) ಬಡ್ಡಿ 9.5%. ಬಾಕಿ ಅಸಲು 40 ಲಕ್ಷ, ಇನ್ನು 15 ವರ್ಷ ಇದೆ, ಇಎಂಐ 41,769 ರೂ. ಒಂದು ಸರ್ಕಾರಿ ಬ್ಯಾಂಕಿನವರು 8%ಕ್ಕೆ ಕೊಡುತ್ತೇವೆ, ಅವಧಿ 20 ವರ್ಷ ಮಾಡಿಕೊಂಡರೆ ಕಂತು 33,458ಕ್ಕೆ ಇಳಿಯುತ್ತದೆ ಅನ್ನುತ್ತಿದ್ದಾರೆ. ತಿಂಗಳಿಗೆ ಎಂಟು ಸಾವಿರ ಉಳಿಯುತ್ತದಲ್ಲ, ಹೋಗಬಹುದೇ? ಜೊತೆಗೆ 5 ಲಕ್ಷ ಟಾಪ್-ಅಪ್ (ಅದೇ ಮನೆಯ ಮೇಲೆ ಹೆಚ್ಚುವರಿ ಸಾಲ) ಕೂಡ ಕೊಡುತ್ತಾರಂತೆ.

ಉತ್ತರ: ಲೆಕ್ಕದ_ಪುಸ್ತಕ

20 ವರ್ಷಕ್ಕೆ ದಯವಿಟ್ಟು ಸಹಿ ಹಾಕಬೇಡಿ. ಈಗಿನ ಸಾಲದಲ್ಲಿ ಇನ್ನು ನೀವು ಕಟ್ಟಬೇಕಾದದ್ದು 41,769 × 180, ಅಂದರೆ ಸುಮಾರು 75.18 ಲಕ್ಷ. ಅವರು ಹೇಳುವ ಲೆಕ್ಕದಲ್ಲಿ 33,458 × 240, ಸುಮಾರು 80.30 ಲಕ್ಷ. ಬಡ್ಡಿ ಒಂದೂವರೆ ಪರ್ಸೆಂಟ್ ಇಳಿದೂ ನೀವು 5 ಲಕ್ಷಕ್ಕಿಂತ ಹೆಚ್ಚು ಕೈಯಿಂದ ಕೊಡುತ್ತೀರಿ. ಕಂತು ಇಳಿದದ್ದು ಅವಧಿ ಎಳೆದದ್ದರಿಂದಲೂ ಹೌದು, ಬಡ್ಡಿಯೊಂದರಿಂದಲೇ ಅಲ್ಲ.

ಅದೇ 15 ವರ್ಷ ಇಟ್ಟುಕೊಂಡರೆ 8%ಕ್ಕೆ ಕಂತು 38,226. ಒಟ್ಟು ಉಳಿತಾಯ ಸುಮಾರು 6.4 ಲಕ್ಷ. ಇನ್ನೂ ಒಳ್ಳೆಯ ದಾರಿ, ಈಗ ಕಟ್ಟುತ್ತಿರುವ 41,769ನ್ನೇ ಮುಂದುವರಿಸುವುದು. ಸಾಲ 153-154 ತಿಂಗಳಲ್ಲಿ ತೀರುತ್ತದೆ, ಅಂದರೆ ಎರಡು ವರ್ಷಕ್ಕಿಂತ ಹೆಚ್ಚು ಮುಂಚಿತವಾಗಿ, ಉಳಿತಾಯ ಸುಮಾರು 11 ಲಕ್ಷ. ಅರ್ಜಿಯಲ್ಲೇ ಅವಧಿ 154 ತಿಂಗಳು ಎಂದು ಬರೆಸಿ.

ಇದರಲ್ಲಿ ಖರ್ಚು ಕಳೆಯಿರಿ: ಪ್ರೊಸೆಸಿಂಗ್ ಫೀ (0.35% ಅಂದರೆ 14,000, ಅದರ ಮೇಲೆ 18% ಜಿಎಸ್‌ಟಿ 2,520), ವಕೀಲರ ಮತ್ತು ವ್ಯಾಲ್ಯುಯೇಷನ್ ಫೀ, ಹೊಸ ಎಂಓಡಿಯ (ಮನೆಪತ್ರ ಅಡವಿಟ್ಟದ್ದಕ್ಕೆ ಮಾಡುವ ದಾಖಲೆ) ಮುದ್ರಾಂಕ ಶುಲ್ಕ. ಇದರಲ್ಲಿ ಎಂಓಡಿ ಬಾಬ್ತು ಸಾಲದ ಮೊತ್ತದ ಮೇಲೆ ಬೀಳುವುದರಿಂದ ಅದನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮೊದಲೇ ಕೇಳಿಕೊಳ್ಳಿ.

ಉತ್ತರ: ರೆಪೊ_ರೇಟು

ಬ್ಯಾಂಕ್ ಬದಲಿಸುವ ಮುಂಚೆ ಈಗಿನ ಕಂಪನಿಗೇ ಒಂದು ಪತ್ರ ಬರೆಯಿರಿ, ಹೊಸ ಬ್ಯಾಂಕಿನ ಸ್ಯಾಂಕ್ಷನ್ ಲೆಟರ್ (ಸಾಲ ಮಂಜೂರಾತಿ ಪತ್ರ) ಪ್ರತಿ ಜೊತೆಗಿಟ್ಟು. ಬಡ್ಡಿ ಇಳಿಸಲು ಕನ್ವರ್ಷನ್ ಫೀ ತೆಗೆದುಕೊಳ್ಳುತ್ತಾರೆ, ಆದರೆ ಮನೆಪತ್ರ ಓಡಾಡುವುದಿಲ್ಲ, ಎಂಓಡಿ ಖರ್ಚೂ ಇಲ್ಲ. ಅವರು ಇಳಿಸಿದ ಮೇಲೂ ಅರ್ಧ ಪರ್ಸೆಂಟ್‌ಗಿಂತ ಹೆಚ್ಚು ಅಂತರ ಉಳಿದರೆ ಮಾತ್ರ ಹೊರಡಿ.

ನಿಮ್ಮ ಬಡ್ಡಿ ಯಾಕೆ ಇಳಿದಿಲ್ಲ ಅನ್ನುವುದಕ್ಕೆ ಕಾರಣವಿದೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಗೃಹಸಾಲಗಳನ್ನು ರೆಪೊದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೆ ಕಟ್ಟಬೇಕು, ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಸರಿಹೊಂದಿಸಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ನಿಯಮವಿಲ್ಲ. ಅವರದು ತಾವೇ ನಿಗದಿ ಮಾಡುವ ಮೂಲ ದರ, ಅಂದರೆ ಪಿಎಲ್‌ಆರ್. 2025ರಲ್ಲಿ ರೆಪೊ 6.5ರಿಂದ 5.25ಕ್ಕೆ ಇಳಿದರೂ ಅದು ತಾನಾಗಿ ನಿಮ್ಮ ಖಾತೆಗೆ ಬರಲಿಲ್ಲ.

ವ್ಯಕ್ತಿಯ ಹೆಸರಿನಲ್ಲಿರುವ ಫ್ಲೋಟಿಂಗ್ ಗೃಹಸಾಲವನ್ನು ಮುಂಚೆಯೇ ತೀರಿಸಿದರೆ ದಂಡ ಹಾಕುವಂತಿಲ್ಲ. ಕೇಳಿದರೆ ಯಾವ ಬಾಬ್ತು ಎಂದು ಬರೆದುಕೊಡಲು ಹೇಳಿ.

ಉತ್ತರ: ಕ್ರಯಪತ್ರ

ಸಾಲ ವರ್ಗಾವಣೆ ಸಿಕ್ಕಿಹಾಕಿಕೊಳ್ಳುವುದು ಬಡ್ಡಿಯಲ್ಲಲ್ಲ, ಪತ್ರಗಳಲ್ಲಿ. ಮೊದಲು ಹಳೇ ಕಂಪನಿಯಿಂದ ಅವರ ಹತ್ತಿರ ಇರುವ ದಾಖಲೆಗಳ ಪಟ್ಟಿ ಪಡೆಯಿರಿ. ಮೂಲ ಕ್ರಯಪತ್ರ, ಹಿಂದಿನ ಮಾಲೀಕರ ಪತ್ರಗಳು, ಮಂಜೂರಾದ ನಕ್ಷೆ ಎಲ್ಲವೂ ಅದರಲ್ಲಿ ಇವೆಯೇ, ನೋಂದಣಿ ಸಂಖ್ಯೆ ತಾಳೆಯಾಗುತ್ತದೆಯೇ ನೋಡಿ. ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ಇ-ಖಾತಾದ ಹೆಸರಿನ ಜೊತೆ ಹೋಲಿಸಿ. ಕ್ರಯಪತ್ರದಲ್ಲಿ ಇನಿಷಿಯಲ್ ಒಂದು, ಖಾತಾದಲ್ಲಿ ಇನ್ನೊಂದು ಇದ್ದರೂ ವಕೀಲರ ವರದಿ ನಿಲ್ಲುತ್ತದೆ.

ಫೋರ್‌ಕ್ಲೋಷರ್ ಪತ್ರವನ್ನು (ಸಾಲ ಮುಚ್ಚಲು ಎಷ್ಟು ಕಟ್ಟಬೇಕೆಂದು ಹಳೇ ಕಂಪನಿ ಕೊಡುವುದು) ಕೊನೆಯಲ್ಲಿ ತೆಗೆಸಿ, ಅದಕ್ಕೆ ಅವಧಿ ಇರುತ್ತದೆ. ಅದರಲ್ಲಿ ದಿನದ ಬಡ್ಡಿಯನ್ನೂ ಬರೆದಿರುತ್ತಾರೆ. ನಿಮ್ಮ ಲೆಕ್ಕದಲ್ಲಿ ದಿನಕ್ಕೆ ಸುಮಾರು 1,041 ರೂ. ಹೊಸ ಬ್ಯಾಂಕಿನ ಡಿಡಿ ಹತ್ತು ದಿನ ಹಾಗೇ ಬಿದ್ದಿದ್ದರೆ ಎರಡೂ ಕಡೆ ಬಡ್ಡಿ ಓಡುತ್ತದೆ. ಆದ್ದರಿಂದ ಡಿಡಿಯನ್ನು ಕಂತಿನ ತಾರೀಖು ಕಳೆದ ಮೇಲೆ ಬರೆಸಿ, ಅಂದೇ ತಲುಪಿಸಿ, ಸಾಲ ಖಾತೆ ಸಂಖ್ಯೆ ಹಾಕಿದ ಸ್ವೀಕೃತಿ ತೆಗೆದುಕೊಳ್ಳಿ.

ಸಾಲ ಪೂರ್ತಿ ತೀರಿದ ಮೇಲೆ 30 ದಿನದೊಳಗೆ ಮೂಲ ಪತ್ರ ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂ. ಪರಿಹಾರ ಎಂದು ರಿಸರ್ವ್ ಬ್ಯಾಂಕ್ ನಿಯಮವಿದೆ, 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಕೆಲವು ಹೊಸ ಬ್ಯಾಂಕುಗಳು ಪತ್ರ ಕೈಸೇರುವವರೆಗೆ ಹೆಚ್ಚು ಬಡ್ಡಿ ಹಾಕುತ್ತವೆ, ಸ್ಯಾಂಕ್ಷನ್ ಲೆಟರ್‌ನಲ್ಲಿ ಆ ಸಾಲು ಹುಡುಕಿ ಓದಿ.

ಕೊನೆಗೆ, ಹಳೇ ಎಂಓಡಿ ನೋಂದಣಿಯಾಗಿದ್ದರೆ ಅದರ ಬಿಡುಗಡೆ ಪತ್ರವನ್ನೂ ನೋಂದಾಯಿಸಬೇಕು. ಎನ್‌ಓಸಿ ಸಿಕ್ಕಿತೆಂದು ಸುಮ್ಮನಾದರೆ ಇ.ಸಿ.ಯಲ್ಲಿ ಎರಡು ಸಾಲ ಕಾಣುತ್ತವೆ. ಮನೆ ಮಾರುವ ದಿನ ಅದು ಎದುರಿಗೆ ಬರುತ್ತದೆ.

ತುಮಕೂರು_ಮನೆ

ಅವಧಿಯ ವಿಷಯ ಹೊಳೆದೇ ಇರಲಿಲ್ಲ. ಟಾಪ್-ಅಪ್‌ಗೆ ಬಡ್ಡಿ ಕಡಿಮೆಯಲ್ಲವೇ, ತೆಗೆದುಕೊಳ್ಳಲೇ?

ಉತ್ತರ: ಲೆಕ್ಕದ_ಪುಸ್ತಕ

ಪರ್ಸನಲ್ ಲೋನಿಗಿಂತ ಕಡಿಮೆ, ನಿಜ. ಆದರೆ ಕಾರಿಗೋ ಮದುವೆಗೋ ತೆಗೆದ ದುಡ್ಡನ್ನು 15 ವರ್ಷ ಕಟ್ಟುತ್ತೀರಿ, ಅಡಮಾನ ಮನೆಯದು. ಬೇಕೇ ಬೇಕಿದ್ದರೆ ಅದಕ್ಕೆ ಬೇರೆ ಸಾಲ ಖಾತೆ, ಐದು ವರ್ಷದ ಅವಧಿ ಕೇಳಿ. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ವರ್ಗಾಯಿಸಿದ ಗೃಹಸಾಲದ ಬಡ್ಡಿಗೆ 2 ಲಕ್ಷದವರೆಗಿನ ವಿನಾಯಿತಿ ಮುಂದುವರಿಯುತ್ತದೆ. ಮನೆಗೆ ಖರ್ಚು ಮಾಡದ ಟಾಪ್-ಅಪ್‌ಗೆ ಅದು ಸಿಗುವುದಿಲ್ಲ, ಎರಡೂ ಒಂದೇ ಖಾತೆಯಲ್ಲಿದ್ದರೆ ಲೆಕ್ಕ ಬಿಡಿಸುವುದು ಕಷ್ಟ.

ಹಳೇ ಸಾಲದ ಜೊತೆ ಜೀವವಿಮೆ ಕಟ್ಟಿಸಿದ್ದರೆ ಅದು ತಾನಾಗಿ ಹೊಸ ಬ್ಯಾಂಕಿಗೆ ಬರುವುದಿಲ್ಲ. ಸಾಲ ಮುಚ್ಚುವ ಮುಂಚೆಯೇ ಪಾಲಿಸಿ ಮುಂದುವರಿಸುತ್ತಾರೋ ಉಳಿದ ಪ್ರೀಮಿಯಂ ವಾಪಸ್ ಕೊಡುತ್ತಾರೋ ಬರಹದಲ್ಲಿ ಕೇಳಿಕೊಳ್ಳಿ.