ಮೋವರ್ ಬೆಲ್ಟ್ ಆರು ವಾರದಲ್ಲಿ ಎರಡು ಸಲ ಹೋಯಿತು, ಸ್ಪ್ರಿಂಗೂ ಕಳಚಿತು. ಮಾಡಿದವರು ಹೇಳಿ

ಕೇಳಿದವರು, ಶಾರ್ಲಟ್, ನಾರ್ತ್ ಕ್ಯಾರೊಲೈನಾ:

ನಮ್ಮ ಮನೆ ಸುತ್ತ ಎಕರೆಗೆ ಸ್ವಲ್ಪ ಕಡಿಮೆ ಜಾಗ ಇದೆ. ನಮ್ಮೂರ ಲೆಕ್ಕದಲ್ಲಿ ಮೂವತ್ತೈದು ಗುಂಟೆ. ಹುಲ್ಲು ಕತ್ತರಿಸಲು ಕೂತು ಓಡಿಸುವ ಮೋವರ್ ಇದೆ, 42 ಇಂಚಿನ ಡೆಕ್ (ಗಾಡಿಯ ಕೆಳಗೆ ಬ್ಲೇಡ್‌ಗಳನ್ನು ಮುಚ್ಚುವ ಕಬ್ಬಿಣದ ಹೊದಿಕೆ), ಎರಡು ಬ್ಲೇಡ್, ಹತ್ತು ವರ್ಷ ಹಳೆಯದು. ಏಪ್ರಿಲ್‌ನಲ್ಲಿ ಬ್ಲೇಡ್ ತಿರುಗಿಸುವ ಬೆಲ್ಟ್ ಹರಿಯಿತು. ಹೊಸದು ಹಾಕಿದೆ. ಮೂರು ವಾರಕ್ಕೆ ಅದರ ಒಂದು ಅಂಚು ನೂಲು ನೂಲಾಗಿ ಕಿತ್ತು ಬಂತು. ಮೊನ್ನೆ ಅದು ಪುಲ್ಲಿಯಿಂದ ಹಾರಿ ತುಂಡಾಯಿತು, ಜೊತೆಗೆ ಒಂದು ದಪ್ಪ ಸ್ಪ್ರಿಂಗ್ ಕಳಚಿ ಹುಲ್ಲಿನ ಮೇಲೆ ಬಿದ್ದಿತ್ತು. ಅದನ್ನು ವಾಪಸ್ ಸಿಕ್ಕಿಸಲು ಎಷ್ಟು ಎಳೆದರೂ ಅರ್ಧ ಇಂಚು ಕಡಿಮೆ ಬೀಳುತ್ತಿದೆ. ರಿಪೇರಿ ಅಂಗಡಿಯಲ್ಲಿ ಮೂರು ವಾರ ಕಾಯಬೇಕಂತೆ. ಮೇ ತಿಂಗಳಲ್ಲಿ ಹುಲ್ಲು ಮೂರು ವಾರ ಕಾಯುತ್ತಾ? ಸ್ವತಃ ಕೈ ಹಾಕಿದವರು ಇದ್ದರೆ ದಯವಿಟ್ಟು ತಿಳಿಸಿ. ತಪ್ಪು ಎಲ್ಲಿರಬಹುದು? ಸ್ಪ್ರಿಂಗ್ ಹಾಕುವುದು ಹೇಗೆ?

ಕೊಲಂಬಸ್, ಒಹಾಯೋದಿಂದ:

ಇನ್ನೊಂದು ಬೆಲ್ಟ್ ಈಗಲೇ ತರಬೇಡಿ. ಒಳ್ಳೆಯ ಬೆಲ್ಟ್ ಕೆಲವು ವರ್ಷ ಬರುತ್ತದೆ, ಮೂರು ವಾರಕ್ಕೆ ತಾನಾಗಿ ಹರಿಯುವುದಿಲ್ಲ. ಯಾವುದೋ ಒಂದು ಭಾಗ ಅದನ್ನು ತಿನ್ನುತ್ತಿದೆ. ಅದು ಸಿಗದೆ ಎಷ್ಟು ಬೆಲ್ಟ್ ಹಾಕಿದರೂ ಅಷ್ಟೇ.

ಮೊದಲು ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಸ್ಪಾರ್ಕ್ ಪ್ಲಗ್ ವೈರ್ ಎಳೆದು ದೂರ ಇಡಿ. ಎರಡು ಸಿಲಿಂಡರ್ ಇದ್ದರೆ ಎರಡು ವೈರ್. ಪಾರ್ಕಿಂಗ್ ಬ್ರೇಕ್ ಹಾಕಿ, ಇಂಜಿನ್ ಆರಲಿ. ದಪ್ಪ ಗ್ಲೌಸ್ ಬೇಕೇ ಬೇಕು. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬೇಡಿ.

ಆಮೇಲೆ ಡೆಕ್ ಪೂರ್ತಿ ಹೊರಗೆ ತೆಗೆಯಿರಿ. ಕೆಳಗಿನಿಂದಲೇ ಕೈ ತೂರಿಸಿ ಮಾಡುವವರು ಇದ್ದಾರೆ, ಆದರೆ ನೀವು ಕಾರಣ ಹುಡುಕಬೇಕಲ್ಲ, ಕಣ್ಣಿಗೆ ಕಾಣಬೇಕು. ಲಿವರ್ ಎಳೆದು ಡೆಕ್ಕನ್ನು ತೀರಾ ಕೆಳಕ್ಕೆ ಇಳಿಸಿ, ಪಿನ್‌ಗಳನ್ನು ತೆಗೆದರೆ ಪಕ್ಕಕ್ಕೆ ಜಾರಿಸಬಹುದು. ಒಂದೊಂದು ಪಿನ್ ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಬೆಲ್ಟ್ ಹೋಗುವ ದಾರಿಯ ಚಿತ್ರ ಕೆಲವು ಗಾಡಿಗಳಲ್ಲಿ ಡೆಕ್ ಮೇಲೆಯೇ ಅಂಟಿಸಿರುತ್ತಾರೆ, ಇಲ್ಲದಿದ್ದರೆ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ.

ಡೆಕ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಣಹುಲ್ಲು ಕಂಬಳಿ ಥರ ಗಟ್ಟಿಯಾಗಿ ಕೂತಿರುತ್ತದೆ. ಪುಟ್ಟಿ ಕೆರೆಯುವ ಚಾಕುವಿನಿಂದ ಎಲ್ಲಾ ತೆಗೆಯಿರಿ. ನೀರು ಹೊಡೆಯಬೇಡಿ, ಬೇರಿಂಗ್ ಒಳಗೆ ಹೋಗುತ್ತದೆ.

ಈಗ ಪುಲ್ಲಿಗಳು. ನಮ್ಮಪ್ಪ ಹರಿಹರದ ಹತ್ತಿರ ಹಿಟ್ಟಿನ ಗಿರಣಿ ಇಟ್ಟಿದ್ದರು. ಬೆಲ್ಟ್ ಹೋದರೆ ಅವರು ಹೊಸ ಬೆಲ್ಟ್ ಕೈಗೆ ತೆಗೆದುಕೊಳ್ಳುವ ಮೊದಲು, ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್ ಕೂತ ಜಾಗಕ್ಕೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಪುಲ್ಲಿ ತಿರುಗಿಸುತ್ತಿದ್ದರು. ನನಗೂ ಕೇಳಿಸುತ್ತಿದ್ದರು. ಒಳ್ಳೆಯ ಬೇರಿಂಗ್ ಸದ್ದೇ ಮಾಡುವುದಿಲ್ಲ ಅನ್ನಬಹುದು. ಕೆಟ್ಟದ್ದು ಮರಳು ಹಾಕಿ ಬೀಸಿದ ಹಾಗೆ ಗರಗರ ಅನ್ನುತ್ತದೆ. ಇವತ್ತಿಗೂ ನಾನು ಮೋವರ್ ಡೆಕ್ಕನ್ನು ಹಾಗೇ ಪರೀಕ್ಷೆ ಮಾಡುತ್ತೇನೆ. ಬ್ಲೇಡ್ ಮೇಲಿನ ದೊಡ್ಡ ಪುಲ್ಲಿ ಎರಡು, ನಡುವೆ ಬೆಲ್ಟನ್ನು ಒತ್ತಿ ಬಿಗಿ ಇಡುವ ಐಡ್ಲರ್ ಪುಲ್ಲಿ ಒಂದೋ ಎರಡೋ, ಎಲ್ಲವನ್ನೂ ಒಂದೊಂದಾಗಿ ತಿರುಗಿಸಿ. ಆಮೇಲೆ ಅಂಚು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್ ಹೋಗಿದೆ.

ನನಗೆ ಜಾಸ್ತಿ ಅನುಮಾನ ಐಡ್ಲರ್ ಮೇಲೆ. ಸ್ಪ್ರಿಂಗ್ ಎಳೆಯುವುದು ಆ ಪುಲ್ಲಿ ಕೂತ ತೋಳನ್ನು. ತೋಳಿನ ಮೂಲದ ಬೋಲ್ಟ್ ಸವೆದಿದ್ದರೆ ಸ್ಪ್ರಿಂಗ್ ಎಳೆತಕ್ಕೆ ಪುಲ್ಲಿ ಓರೆಯಾಗಿ ನಿಲ್ಲುತ್ತದೆ. ಬೆಲ್ಟ್ ಒಂದೇ ಅಂಚಿನಲ್ಲಿ ಉಜ್ಜುತ್ತದೆ. ನೀವು ಹೇಳಿದ ನೂಲು ಕಿತ್ತ ಅಂಚು ಅದೇ ಕಥೆ ಹೇಳುತ್ತಿದೆ. ಒಂದು ನೇರವಾದ ಪಟ್ಟಿಯನ್ನು ಪುಲ್ಲಿಗಳ ಪಕ್ಕ ಹಿಡಿದು ನೋಡಿ, ಎಲ್ಲವೂ ಒಂದೇ ಮಟ್ಟದಲ್ಲಿ ಇರಬೇಕು. ತುಕ್ಕು ಹಿಡಿದು ತೋಳು ಬಿಗಿಯಾಗಿದ್ದರೂ ಕಷ್ಟ. ಸ್ಪ್ರಿಂಗ್ ಎಳೆದರೂ ತೋಳು ಬರುವುದಿಲ್ಲ, ಬೆಲ್ಟ್ ಸಡಿಲವಾಗಿ ಹಾರುತ್ತದೆ.

ಹರಿದ ಬೆಲ್ಟ್ ಎಸೆಯಬೇಡಿ, ಅದನ್ನು ಓದಬಹುದು. ಎರಡು ಪಕ್ಕವೂ ಗಾಜಿನಂತೆ ಹೊಳೆದು ಗಟ್ಟಿಯಾಗಿದ್ದರೆ ಜಾರಿ ಬಿಸಿಯಾಗಿದೆ, ಸ್ಪ್ರಿಂಗ್ ಸೋತಿದೆ. ಒಂದೇ ಜಾಗದಲ್ಲಿ ಸುಟ್ಟಿದ್ದರೆ ಬೆಲ್ಟ್ ನಿಂತಿದ್ದಾಗ ಇಂಜಿನ್ ಪುಲ್ಲಿ ಅದರ ಮೇಲೆ ತಿರುಗಿದೆ, ಅಂದರೆ ಯಾವುದೋ ಪುಲ್ಲಿ ಕಚ್ಚಿಕೊಂಡಿತ್ತು. ಹೊಸದರಲ್ಲೇ ಚೊಕ್ಕವಾಗಿ ತುಂಡಾಗಿದ್ದರೆ, ಹಾಕುವಾಗ ಸ್ಕ್ರೂಡ್ರೈವರ್‌ನಿಂದ ಮೀಟಿ ಒಳಗಿನ ದಾರ ಕಡಿದಿರುವ ಸಾಧ್ಯತೆ ಇದೆ.

ಇನ್ನೊಂದು ವಿಷಯ, ಪುಲ್ಲಿ ಪಕ್ಕದಲ್ಲಿ ಬೆರಳಷ್ಟು ಉದ್ದದ ಕಬ್ಬಿಣದ ಕಡ್ಡಿಗಳು ಇರುತ್ತವೆ. ಬೆಲ್ಟ್ ಹಾರದಂತೆ ಕಾಯುವುದು ಅವೇ. ಬೆಲ್ಟ್ ಕಡ್ಡಿಗೂ ಪುಲ್ಲಿಗೂ ನಡುವೆ ಹೋಗಬೇಕು. ಕಡ್ಡಿಯ ಹೊರಗಿನಿಂದ ಹೋದರೂ ಗಾಡಿ ಓಡುತ್ತದೆ, ಆದರೆ ಅರ್ಧ ಗಂಟೆಯಲ್ಲಿ ಬೆಲ್ಟ್ ಹೊರಗೆ.

ಅಗ್ಗದ ಬೆಲ್ಟ್ ಹಾಕಿದ್ದಿರಾ ಅಂತ ನೀವು ಹೇಳಿಲ್ಲ. ಮಾಮೂಲಿ ಅರ್ಧ ಇಂಚಿನ 4ಎಲ್ ಬೆಲ್ಟ್ ಅಳತೆಗೆ ಸರಿಯಾಗಿ ಕೂರುತ್ತದೆ, ಆದರೆ ಬ್ಲೇಡ್ ಆನ್ ಆಫ್ ಮಾಡುವಾಗಿನ ಎಳೆತ, ಬೆನ್ನ ಮೇಲೆ ಒತ್ತುವ ಐಡ್ಲರ್, ಇದಕ್ಕೆಲ್ಲಾ ಅದು ಮಾಡಿದ್ದಲ್ಲ. ಒಳಗೆ ಅರಾಮಿಡ್ ದಾರ ಇರುವುದನ್ನೇ ಕೇಳಿ, ಕೆವ್ಲರ್ ಅಂದರೂ ಕೊಡುತ್ತಾರೆ. ಸೀಟ್ ಕೆಳಗಿನ ಮಾಡೆಲ್ ನಂಬರ್ ನೋಡಿಯೇ ತರಬೇಕು. ಹರಿದ ಬೆಲ್ಟ್ ಅಳೆದು ತರಬೇಡಿ, ಅದು ಹಿಗ್ಗಿರುತ್ತದೆ. ಇನ್ನು ಊರಿನ ಲೆಕ್ಕ ಗೊತ್ತಿರುವವರಿಗೆ: ನಮ್ಮಲ್ಲಿ ಎ, ಬಿ ಬೆಲ್ಟ್‌ಗಳ ನಂಬರ್ ಒಳಸುತ್ತಳತೆಯ ಇಂಚು. ಇಲ್ಲಿ 4ಎಲ್ ಮುಂದಿನ ನಂಬರ್ ಹೊರಸುತ್ತಳತೆ, ಅದೂ ಇಂಚಿನ ಹತ್ತನೇ ಒಂದರಲ್ಲಿ. 4ಎಲ್850 ಅಂದರೆ ಹೊರಗಿನಿಂದ 85 ಇಂಚು. ಎ ಬೆಲ್ಟ್ ಆದರೆ ಅದೇ ಸುಮಾರು ಎ83.

ಡ್ಯಾಲಸ್ ಹತ್ತಿರ, ಟೆಕ್ಸಾಸ್‌ನಿಂದ:

ಸ್ಪ್ರಿಂಗ್ ಬಗ್ಗೆ ನಾನು ಹೇಳುತ್ತೇನೆ. ಮೊದಲು ಕನ್ನಡಕ ಹಾಕಿ, ನೋಟದ್ದಲ್ಲ, ಕೆಲಸದ್ದು. ನನ್ನ ಪಕ್ಕದ ಮನೆಯವರಿಗೆ ಸ್ಪ್ರಿಂಗ್ ಜಾರಿ ಹುಬ್ಬಿಗೆ ಬಡಿದು ಹೊಲಿಗೆ ಬಿತ್ತು. ಎರಡು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣೇ.

ಇಕ್ಕಳದಿಂದ ಎಳೆಯಬೇಡಿ. ಜಾರುತ್ತದೆ, ಇಲ್ಲವೇ ತಂತಿಗೆ ಗಾಯ ಮಾಡುತ್ತದೆ, ಆಮೇಲೆ ಅಲ್ಲೇ ಮುರಿಯುತ್ತದೆ. ಬೆಲ್ಟ್ ಇಲ್ಲದೆ ತೋಳು ಸಡಿಲ ಇರುವಾಗಲೇ ಸ್ಪ್ರಿಂಗ್ ಸಿಕ್ಕಿಸಿ. ಬೆಲ್ಟನ್ನು ಕೊನೆಗೆ, ತೋಳನ್ನು ಹಿಂದಕ್ಕೆ ತಳ್ಳಿ ಪುಲ್ಲಿ ಮೇಲೆ ಹತ್ತಿಸಿ. ನಿಮಗೆ ಅರ್ಧ ಇಂಚು ಕಡಿಮೆ ಬಿದ್ದದ್ದು ಬೆಲ್ಟ್ ಹಾಕಿದ ಮೇಲೆ ಎಳೆದದ್ದಕ್ಕೇ ಇರಬಹುದು.

ಹಾಗೂ ಬರದಿದ್ದರೆ ನಾಣ್ಯದ ಉಪಾಯ ಇದೆ. ಸ್ಪ್ರಿಂಗನ್ನು ವೈಸ್‌ನಲ್ಲಿ ಹಿಡಿದು ಎಡಕ್ಕೆ ಬಗ್ಗಿಸಿ. ಬಲಗಡೆ ಸುರುಳಿಗಳ ನಡುವೆ ಸಂದು ತೆರೆಯುತ್ತದೆ. ಸಂದಿಗೊಂದು ಒಂದು ಸೆಂಟಿನ ನಾಣ್ಯ ತೂರಿಸಿ. ಬಲಕ್ಕೆ ಬಗ್ಗಿಸಿ ಇನ್ನೊಂದು ಕಡೆಯೂ ಹಾಗೇ ಮಾಡಿ. ಸ್ಪ್ರಿಂಗ್ ಉದ್ದವಾಗಿಯೇ ನಿಲ್ಲುತ್ತದೆ, ಕೊಕ್ಕೆ ಆರಾಮಾಗಿ ಸಿಕ್ಕುತ್ತದೆ. ಆಮೇಲೆ ತೋಳು ಸ್ವಲ್ಪ ಎಳೆದರೆ ನಾಣ್ಯ ಒಂದೊಂದೇ ಉದುರುತ್ತವೆ. ಎಷ್ಟು ಹಾಕಿದಿರೋ ಅಷ್ಟೂ ಬಿದ್ದಿವೆಯಾ ಎಣಿಸಿಕೊಳ್ಳಿ. ನಾನು ಹನ್ನೆರಡು ಹಾಕಿದ್ದೆ, ಹನ್ನೊಂದು ಸಿಕ್ಕಿತು, ಹನ್ನೆರಡನೆಯದು ಪುಲ್ಲಿ ಒಳಗೆ ಕೂತಿತ್ತು.

ಅದಕ್ಕೂ ಮೊದಲು ಆ ಸ್ಪ್ರಿಂಗ್ ವಾಪಸ್ ಹಾಕಲು ಯೋಗ್ಯವಾಗಿದೆಯಾ ನೋಡಿ. ಸುಮ್ನೆ ನೆಲದ ಮೇಲೆ ಇಟ್ಟಾಗ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರಬೇಕು. ನಡುವೆ ಬೆಳಕು ಕಂಡರೆ ಹೊಸದು ತನ್ನಿ. ಬಿಗಿ ಬರಲಿ ಅಂತ ಎರಡು ಸುರುಳಿ ಕತ್ತರಿಸುವವರನ್ನು ನೋಡಿದ್ದೇನೆ. ಆಗ ಸ್ಪ್ರಿಂಗ್ ವಿಪರೀತ ಗಡುಸಾಗಿ ಬೇರಿಂಗ್ ಮೇಲೆ ಭಾರ ಬೀಳುತ್ತದೆ.

ಪಿಟ್ಸ್‌ಬರ್ಗ್, ಪೆನ್ಸಿಲ್ವೇನಿಯಾದಿಂದ:

ನಿಮ್ಮ ತೊಂದರೆ ಬ್ಲೇಡ್ ಬೆಲ್ಟ್‌ದು. ಗಾಡಿ ಓಡಿಸುವ ಬೆಲ್ಟ್ ಬೇರೆ, ಅದಕ್ಕೂ ಬೇರೆ ಐಡ್ಲರ್, ಬೇರೆ ಸ್ಪ್ರಿಂಗ್ ಇದೆ. ಡೆಕ್ ಹೇಗೂ ಹೊರಗೆ ಬಂದಿದೆ, ಅದನ್ನೂ ಟಾರ್ಚ್ ಹಾಕಿ ನೋಡಿಬಿಡಿ. ನಮ್ಮದು ಗುಡ್ಡದ ಜಾಗ. ಏರು ಬಂದ ತಕ್ಷಣ ಗಾಡಿ ನಿಲ್ಲುತ್ತಿತ್ತು, ಆ ಬೆಲ್ಟ್ ಬದಲಿಸಲು ಒಂದು ಶನಿವಾರ ಪೂರ್ತಿ ಬೇಕಾಯಿತು.

ಒಂದು ಕಿವಿಮಾತು. ಹೈಡ್ರೋಸ್ಟ್ಯಾಟಿಕ್ ಗಾಡಿಯನ್ನು, ಅಂದರೆ ಗೇರ್ ಬದಲು ಎಣ್ಣೆಯ ಒತ್ತಡದಿಂದ ಓಡುವುದನ್ನು, ಕೈಯಲ್ಲಿ ತಳ್ಳಲು ಹಿಂದೆ ಒಂದು ಕಡ್ಡಿ ಎಳೆಯುತ್ತೇವಲ್ಲ, ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ತಳ್ಳಿ. ಅದು ಹೊರಗೇ ಇದ್ದರೆ ಇಂಜಿನ್ ಓಡುತ್ತದೆ, ಗಾಡಿ ಕದಲುವುದಿಲ್ಲ. ಬೆಲ್ಟ್ ಹೋಯಿತು ಅಂತ ಮತ್ತೆ ಎಲ್ಲಾ ಬಿಚ್ಚಲು ಕೂರುತ್ತೀರಿ.

ಬೆಲ್ಟ್ ಜಾರದಂತೆ ಹೊಡೆಯುವ ಸ್ಪ್ರೇ ಮಾತ್ರ ಬೇಡ. ಧೂಳು, ಹುಲ್ಲು ಎಲ್ಲಾ ಅಂಟಿಕೊಳ್ಳುತ್ತದೆ.

ಕೇಳಿದವರು, ಶಾರ್ಲಟ್:

ಎಲ್ಲರಿಗೂ ತುಂಬಾ ಧನ್ಯವಾದ. ಶನಿವಾರ ಬೆಳಗ್ಗೆ ಡೆಕ್ ತೆಗೆದೆ. ಬ್ಲೇಡ್ ಪುಲ್ಲಿ ಎರಡೂ ಚೆನ್ನಾಗಿವೆ. ಚಪ್ಪಟೆ ಐಡ್ಲರ್‌ಗೆ ಸ್ಕ್ರೂಡ್ರೈವರ್ ಇಟ್ಟು ಕೇಳಿದೆ, ಒಹಾಯೋದವರು ಹೇಳಿದ ಹಾಗೇ ಗರಗರ. ಅಲ್ಲಾಡಿಸಿದರೆ ಎರಡು ಕಡೆಗೂ ವಾಲುತ್ತಿತ್ತು. ಅದಕ್ಕಿಂತ ಆಶ್ಚರ್ಯ, ತೋಳಿನಲ್ಲಿ ಸ್ಪ್ರಿಂಗ್ ಕೊಕ್ಕೆ ಕೂರುವ ತೂತು ದುಂಡಗೇ ಇರಲಿಲ್ಲ. ಸವೆದು ಹುಣಸೆಬೀಜದಷ್ಟು ಉದ್ದವಾಗಿ ಅಂಚಿಗೆ ಬಂದಿತ್ತು, ತುದಿ ಬಾಯಿ ಬಿಟ್ಟಿತ್ತು. ಸ್ಪ್ರಿಂಗ್ ಕಳಚಿದ್ದು ಅಲ್ಲಿಂದಲೇ. ತೋಳು, ಪುಲ್ಲಿ, ಸ್ಪ್ರಿಂಗ್, ಬೆಲ್ಟ್ ನಾಲ್ಕೂ ಮಾಡೆಲ್ ನಂಬರ್ ಹೇಳಿ ತಂದೆ. ತೋಳಿನ ಬೋಲ್ಟ್‌ಗೆ ಗ್ರೀಸ್ ಹಾಕಿದೆ. ಬೆಲ್ಟ್ ಕೊನೆಗೆ ಹತ್ತಿಸಿದ್ದರಿಂದ ನಾಣ್ಯ ಬೇಕಾಗಲಿಲ್ಲ.

ಬ್ಲೇಡ್ ಆಫ್ ಮಾಡಿದ ಮೇಲೆ ಅದು ನಿಲ್ಲಲು ಮೊದಲು ತುಂಬಾ ಹೊತ್ತು ಹಿಡಿಯುತ್ತಿತ್ತು, ಈಗ ನಾಲ್ಕು ಸೆಕೆಂಡ್ ಒಳಗೆ ನಿಂತಿತು. ಐದು ಸೆಕೆಂಡ್ ದಾಟಬಾರದು ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿದೆ. ಭಾನುವಾರ ಮೂವತ್ತೈದು ಗುಂಟೆಯೂ ಕತ್ತರಿಸಿದೆ. ಹುಲ್ಲು ಎತ್ತರ ಇತ್ತು ಅಂತ ಡೆಕ್ ಮೇಲಿಟ್ಟು ಒಂದು ಸಲ, ಇಳಿಸಿ ಇನ್ನೊಂದು ಸಲ. ಮುಗಿದ ಮೇಲೆ ಕೀ ತೆಗೆದು, ಎಲ್ಲಾ ಆರಿದ ಮೇಲೆ ಐಡ್ಲರ್ ಮುಟ್ಟಿ ನೋಡಿದೆ. ಓರೆಯಾಗಿಲ್ಲ. ಬೆಲ್ಟ್‌ನ ಎರಡೂ ಅಂಚಿನ ಮೇಲೆ ಬೆರಳು ಆಡಿಸಿದೆ, ಒಂದು ನೂಲೂ ಎದ್ದಿರಲಿಲ್ಲ.